ಎಸ್ಸೆಸ್ಸೆಲ್ಸಿಗೆ 33 ಸಾಕಾ? ಪರ – ವಿರೋಧ

ಎಸ್ಸೆಸ್ಸೆಲ್ಸಿ ಪಾಸ್ ಗೆರೆಯನ್ನು ಸರ್ಕಾರ ಶೇ 35ರಿಂದ 33ಕ್ಕೆ ಇಳಿಸಿದೆ. ಹುಡುಗ–ಹುಡುಗಿ, ಸರ್ಕಾರಿ–ಖಾಸಗಿ, ಕರಾವಳಿ–ಕಲ್ಯಾಣ ಕರ್ನಾಟಕ ಅಂತ ಪ್ರತಿ ವರ್ಷ ರಿಸಲ್ಟ್‌ನಲ್ಲಿ ಕಾಣುವ ಅಂತರಕ್ಕೆ ಇದು ಮದ್ದಾ? ಬೆಂಗಳೂರಿನ ಲಗ್ಗೆರೆಯಲ್ಲಿರುವ ಗಾರ್ಮೆಂಟ್ಸ್ ಉದ್ಯೋಗಿಯೊಬ್ಬರು ಪರವಾಗಿ, ಇದೇ ನಗರದ ಸರ್ಕಾರಿ ಪ್ರೌಢಶಾಲೆಯ ಗಣಿತ ಮೇಷ್ಟ್ರೊಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ಫೇಲ್ ಅನ್ನೋ ಮುದ್ರೆ ಯಾರ ಮೇಲೆ ಬೀಳುತ್ತೆ?

1996ರ ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತದಲ್ಲಿ 29 ಬಂತು. ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ಮಧ್ಯಸ್ಥಳಲ್ಲ. ನನ್ನದು ಫೇಲಾದವರ ಪಕ್ಷ.

2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೊಸ ಲೆಕ್ಕ ಹೇಳಿದರು. 625ಕ್ಕೆ ಒಟ್ಟು 206 ಬಂದರೆ ಪಾಸ್, ಆದರೆ ಪ್ರತಿ ವಿಷಯದಲ್ಲೂ ಕನಿಷ್ಠ 30 ಇರಬೇಕು. ಅಷ್ಟಕ್ಕೇ ಏನು ಗಲಾಟೆ! ವಾಟ್ಸ್ಆ್ಯಪ್ ತುಂಬ ‘ಇನ್ನು ಎಮ್ಮೆ ಕರುವೂ ಪಾಸ್’ ಅನ್ನೋ ಜೋಕು. ಪಕ್ಕದ ರಸ್ತೆಯ ಸಿಬಿಎಸ್‌ಇ ಶಾಲೆಯ ಮಗು ಎಷ್ಟೋ ವರ್ಷದಿಂದ 33ಕ್ಕೇ ಪಾಸಾಗುತ್ತಿದೆ. ಅದರ ಮೇಲೆ ಯಾರೂ ಜೋಕು ಮಾಡಲಿಲ್ಲ, ಅಲ್ವಾ? ಲಕ್ಷಗಟ್ಟಲೆ ಫೀಸು ಕಟ್ಟಿದವರ 33 ಗುಣಮಟ್ಟ, ಬಿಸಿಯೂಟ ತಿಂದವರ 33 ಕಳಪೆ.

2025ರ ರಿಸಲ್ಟ್ ನೋಡಿ. ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಮಂಗಳೂರಿನ ಮಕ್ಕಳ ತಲೆ ಕಲಬುರಗಿಯವರ ಎರಡರಷ್ಟು ದೊಡ್ಡದಾ? ಸರ್ಕಾರಿ ಶಾಲೆಗಳು ಶೇ 62.7, ಅನುದಾನ ಇಲ್ಲದ ಖಾಸಗಿ ಶಾಲೆಗಳು ಶೇ 75.59. ಇದು ನಿನ್ನೆ ಮೊನ್ನೆಯ ಕಥೆಯೂ ಅಲ್ಲ. 2002ರಲ್ಲೇ ನಂಜುಂಡಪ್ಪ ಸಮಿತಿ 114 ತಾಲ್ಲೂಕು ಹಿಂದುಳಿದಿವೆ ಅಂತ ಪಟ್ಟಿ ಮಾಡಿ ಕೊಟ್ಟಿತ್ತು. ಹತ್ತು ವರ್ಷದ ಮೇಲೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 ಜೆ ಬಂತು. ಅಷ್ಟರಲ್ಲಿ ಎಷ್ಟು ಬ್ಯಾಚ್ ಪರೀಕ್ಷೆ ಬರೆದು ಹೋದವೋ. ಗಣಿತಕ್ಕೆ ಖಾಯಂ ಮೇಷ್ಟ್ರೇ ಇಲ್ಲದ ಶಾಲೆಯಲ್ಲಿ ಅತಿಥಿ ಶಿಕ್ಷಕರು ಬಂದು ಎರಡು ಪಾಠ ಮುಗಿಸುವಷ್ಟರಲ್ಲಿ ದಸರಾ ರಜೆ, ರಜೆ ಮುಗಿಯುವಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಅನ್ನೋ ಹಾಗಿರುವ ಹುಡುಗನನ್ನೂ, ಬೆಳಗ್ಗೆ ಒಂದು ಸಂಜೆ ಒಂದು ಟ್ಯೂಷನ್‌ಗೆ ಹೋಗುವ ಹುಡುಗನನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ‘ಓಡು’ ಅನ್ನುತ್ತೇವೆ. ಬಿದ್ದವನಿಗೆ ‘ನೀನು ಓದಲಿಲ್ಲ’ ಅನ್ನುತ್ತೇವೆ.

ಕಲಬುರಗಿವರೆಗೆ ಯಾಕೆ ಹೋಗಬೇಕು? ನಮ್ಮ ಬೀದಿಯಲ್ಲೇ ಬನ್ನಿ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಗಳಿವೆ. ಹತ್ತನೇ ಕ್ಲಾಸಿನ ಹುಡುಗರು ಮದುವೆ ಸೀಸನ್‌ನಲ್ಲಿ ಕೇಟರಿಂಗ್‌ಗೆ ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಮನೆ, ಬೆಳಗ್ಗೆ ಶಾಲೆಯಲ್ಲಿ ನಿದ್ದೆ. ಆಮೇಲೆ ಪೇಪರ್‌ನಲ್ಲಿ ‘ಈ ಬಾರಿಯೂ ಬಾಲಕಿಯರದ್ದೇ ಮೇಲುಗೈ’. 2025ರಲ್ಲಿ ಹುಡುಗಿಯರು ಶೇ 74, ಹುಡುಗರು ಶೇ 58.07. ಮೇಲುಗೈ ಅಂತೆ! ಹುಡುಗರ ಕೈ ಬಡಿಸುವ ಸೌಟು ಹಿಡಿದಿತ್ತು ಅಂತ ಯಾರೂ ಬರೆಯಲ್ಲ.

ಹಾಗಂತ ಹುಡುಗಿಯರ ಪಾಡು ಸುಖ ಅಂದುಕೊಳ್ಳಬೇಡಿ. ಹುಡುಗ ಫೇಲಾದರೆ ಕೆಲಸಕ್ಕೆ, ಹುಡುಗಿ ಫೇಲಾದರೆ ಮದುವೆಗೆ. ಇಲ್ಲಿ ನನ್ನ ಕಥೆ ಹೇಳಲೇಬೇಕು.

ಅಪ್ಪ ಪೀಣ್ಯದಲ್ಲಿ ಲೇತ್ ಮೆಷಿನ್ ನೋಡಿಕೊಳ್ಳುತ್ತಿದ್ದರು. ರಿಸಲ್ಟ್ ಬಂದ ದಿನ ಬೈಯಲಿಲ್ಲ, ಹೊಡೆಯಲಿಲ್ಲ, ಕೈಕಾಲು ತೊಳೆದು ಊಟಕ್ಕೆ ಕೂತರು. ಮೂರನೇ ದಿನ ಸೋದರತ್ತೆ ಬಂದರು, ಕೈಯಲ್ಲಿ ಒಂದು ಜಾತಕ. ನನಗಿನ್ನೂ 16 ತುಂಬಿರಲಿಲ್ಲ. ಹಿಂದಿನ ವರ್ಷ ನಮ್ಮಣ್ಣ ಎರಡು ವಿಷಯದಲ್ಲಿ ಡುಮ್ಕಿ ಹೊಡೆದಾಗ ಇದೇ ಅತ್ತೆ ‘ಇರಲಿ ಬಿಡು, ಅಕ್ಟೋಬರ್ ಪರೀಕ್ಷೆಗೆ ಕಟ್ಟಲಿ’ ಅಂದಿದ್ದರು. ನನಗೆ ಒಂದೇ ವಿಷಯ ಹೋಗಿತ್ತು, ಆದರೆ ನನಗೆ ಅಕ್ಟೋಬರ್ ಇರಲಿಲ್ಲ, ಕಾರ್ತಿಕ ಮಾಸದಲ್ಲಿ ಮುಹೂರ್ತ ಇತ್ತು. ಅಮ್ಮ ಚೀಟಿ ದುಡ್ಡಿನಲ್ಲಿ ಪರೀಕ್ಷೆ ಫೀಸು ಕಟ್ಟಿದರು. ಅಪ್ಪನಿಗೆ ಹೇಳಲಿಲ್ಲ. ಪಕ್ಕದ ಮನೆಗೆ ಹೊಲಿಗೆ ಕಲಿಯೋಕೆ ಹೋಗುತ್ತೇನೆ ಅಂತ ಹೇಳಿ ನಾಲ್ಕು ತಿಂಗಳು ಅಲ್ಲಿ ಲೆಕ್ಕ ಮಾಡಿದೆ. ಅಕ್ಟೋಬರ್‌ನಲ್ಲಿ 41 ಬಂತು. ಜಾತಕ ವಾಪಸ್ ಹೋಯಿತು. ಅತ್ತೆ ಎರಡು ವರ್ಷ ಮಾತಾಡಲಿಲ್ಲ, ಅದೊಂದು ಲಾಭ.

ಈಗ ಒಂದು ಗಾರ್ಮೆಂಟ್ಸ್‌ನಲ್ಲಿ ಸಂಬಳದ ಲೆಕ್ಕ ಬರೆಯುತ್ತೇನೆ. ಪಿಎಫ್, ಇಎಸ್ಐ, ಓಟಿ, ಎಲ್ಲ. ಇವತ್ತಿನವರೆಗೆ ಒಂದು ದಿನವೂ ತ್ರಿಕೋನಮಿತಿ ಬೇಕಾಗಿಲ್ಲ. ಹೊಸ ನಿಯಮ ಆಗಲೇ ಇದ್ದಿದ್ದರೂ ನನ್ನ 29ಕ್ಕೆ ಒಂದು ಅಂಕ ಕಡಿಮೆಯೇ ಬೀಳುತ್ತಿತ್ತು, ಅದು ಗೊತ್ತು. ಆದರೆ ನನ್ನ ಹಿಂದಿನ ಬೆಂಚಿನಲ್ಲಿದ್ದವಳಿಗೆ 31 ಬಂದಿತ್ತು. ಅವಳಿಗೆ ಚೀಟಿ ಹಾಕುವ ಅಮ್ಮ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದ ಮಾರ್ಕ್ಸ್ ಕಾರ್ಡು ಇಲ್ಲದಿದ್ದರೆ ಏನೇನು ಇಲ್ಲ ಗೊತ್ತಾ? ಪಿಯುಸಿ ಇಲ್ಲ, ಡಿಪ್ಲೊಮಾ ಇಲ್ಲ. ಸಾರಿಗೆ ಸಂಸ್ಥೆಯ ಡ್ರೈವರ್ ಕೆಲಸಕ್ಕೂ ಅದು ಬೇಕು. ದುಬೈಗೆ ಕೂಲಿಗೆ ಹೋಗೋಣ ಅಂದರೂ ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿಗೆ ಬೇರೆ ತಪಾಸಣೆಯ ಮುದ್ರೆ. ಒಂದು ಪರೀಕ್ಷೆಗೆ ಇಷ್ಟೆಲ್ಲ ಕಟ್ಟಿಹಾಕಿ ಆಮೇಲೆ ಎರಡು ಅಂಕಕ್ಕೆ ‘ಗುಣಮಟ್ಟ’ ಅಂತ ಅಳುವವರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ, ಸ್ವಲ್ಪ ಹೇಳಲಿ.

2024ರಲ್ಲಿ ಪಾಸಾಗಲಿ ಅಂತ ಗ್ರೇಸ್ ಅಂಕ ಸೇರಿಸಿ ಕೊಟ್ಟರೂ ಅಂತರ ಹಾಗೇ ಉಳೀತಲ್ಲ ಅನ್ನುತ್ತಾರೆ. ಗ್ರೇಸ್ ಬೇರೆ, ಇದು ಬೇರೆ. ಅದು ಕೊನೇ ಗಳಿಗೆಯಲ್ಲಿ ಹಾಕಿದ ಭಿಕ್ಷೆ, ಇದು ಮೊದಲೇ ಹೇಳಿದ ನಿಯಮ. ಅಂತರ ಮುಚ್ಚುವುದು ಸರ್ಕಾರದ ಕೆಲಸ, ಮುಚ್ಚಲಿ. ಅಲ್ಲಿಯವರೆಗೆ ಅದರ ಬಡ್ಡಿಯನ್ನು 15 ವರ್ಷದ ಹುಡುಗಿಯ ಕೈಯಲ್ಲಿ ಕಟ್ಟಿಸಬೇಡಿ.

ವಿರೋಧ: ಗೆರೆ ಇಳಿಸಿದ್ದಾಯ್ತು, ಮೇಷ್ಟ್ರು ಎಲ್ಲಿ?

ವಿರೋಧವಾಗಿ ಬರೆಯಿರಿ ಅಂತ ಫೋನ್ ಬಂದಾಗ, ಪರವಾಗಿ ಬರೆಯುವ ಜಾಗ ಖಾಲಿ ಇದೆಯಾ ಅಂತ ಕೇಳಿದೆ. ತುಂಬಿದೆ ಅಂದರು. ಆಗಲಿ, ಒಪ್ಪಿಕೊಂಡ ಮೇಲೆ ಬರೆಯಬೇಕು.

ನಾನು ಗಣಿತದವನು, ಸಂಖ್ಯೆಯಿಂದಲೇ ಶುರು ಮಾಡುತ್ತೇನೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ರಾಜ್ಯಕ್ಕೇ ಮೊದಲಿದ್ದ ಚಿತ್ರದುರ್ಗ ಜಿಲ್ಲೆ 21ನೇ ಸ್ಥಾನಕ್ಕೆ ಹೋಯಿತು. ರಿಸಲ್ಟ್ ತೀರಾ ಕುಸಿಯುತ್ತೆ ಅಂತ ಗ್ರೇಸ್ ಅಂಕವನ್ನು ಶೇ 20ಕ್ಕೆ ಏರಿಸಿದರು. ಆಗಲೂ ಒಟ್ಟು ಬಂದಿದ್ದು ಶೇ 73.40. ಅದರಲ್ಲಿ ಹುಡುಗಿಯರು 81.11, ಹುಡುಗರು 65.90. ಅಂತರ 15. ಮುಖ್ಯಮಂತ್ರಿಗಳೇ ಬೇಸರ ಮಾಡಿಕೊಂಡ ಮೇಲೆ 2025ರಲ್ಲಿ ಆ ಗ್ರೇಸ್ ತೆಗೆದರು. ಹುಡುಗಿಯರು 74, ಹುಡುಗರು 58.07. ಅಂತರ 16. ಗ್ರೇಸ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನೀರಿನ ಮಟ್ಟ ಏರಿಸಿದರೆ ಎಲ್ಲ ದೋಣಿಯೂ ಏರುತ್ತೆ, ಹಿಂದಿದ್ದ ದೋಣಿ ಮುಂದೆ ಬರಲ್ಲ. ಇದಕ್ಕೆ ಪರದವರು ಏನು ಹೇಳುತ್ತಾರೋ ನೋಡೋಣ. ಬಹುಶಃ ಅಳುತ್ತಾರೆ.

ಇನ್ನೊಂದು ಲೆಕ್ಕ. ಗಣಿತಕ್ಕೆ ಬರೆಯುವ ಪರೀಕ್ಷೆ 80 ಅಂಕ, ಆಂತರಿಕ ಮೌಲ್ಯಮಾಪನ 20. ಆ 20 ಕೊಡುವವರು ನಾವೇ. 18ಕ್ಕಿಂತ ಕಡಿಮೆ ಕೊಟ್ಟರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ಎರಡನ್ನೂ ಕೂಡಿಸಿ ವಿಷಯಕ್ಕೆ 30 ಸಾಕು ಅಂದರೆ ಹುಡುಗ ನಿಜವಾಗಿ ಬರೆದು ಗಳಿಸಬೇಕಾದದ್ದು ಎಷ್ಟು? ಕಳೆದು ನೋಡಿ. ನಾಳೆ 30ರ ಬದಲು 25 ಅನ್ನಿ, ನಾಡಿದ್ದು ಪೆನ್ನು ತಂದವರೆಲ್ಲ ಪಾಸ್ ಅನ್ನಿ. ಅದನ್ನೂ ಒಂದು ಸಲ ನೋಡಿದ್ದೇವೆ. 2021ರ ಕೊರೊನಾ ವರ್ಷ ಎರಡೇ ದಿನ ಪರೀಕ್ಷೆ ನಡೆದು, ಇಡೀ ರಾಜ್ಯದಲ್ಲಿ ಫೇಲಾಗಿದ್ದು ಒಬ್ಬರೇ.

ನನ್ನ ಒಬ್ಬ ಹುಡುಗ 2024ರಲ್ಲಿ ಗ್ರೇಸ್‌ನಲ್ಲಿ ದಾಟಿದ. ಒಂಬತ್ತನೇ ಕ್ಲಾಸಿಗೆ ಬಂದಾಗ ಅವನಿಗೆ ಎರಡಂಕಿ ಭಾಗಾಕಾರ ಬರುತ್ತಿರಲಿಲ್ಲ. ಆ ತಪ್ಪು ಅವನದಲ್ಲ, ಕೆಳಗಿನ ತರಗತಿಗಳಲ್ಲಿ ಯಾರೂ ಕೂತು ಕಲಿಸಿರಲಿಲ್ಲ. ಸಂಜೆ ವಿಶೇಷ ತರಗತಿ ಇಟ್ಟೆ, ಕೈಯಿಂದ ಬನ್ನು ಬಾಳೆಹಣ್ಣು ಕೊಡಿಸಿದೆ. ಮದುವೆ ಸೀಸನ್ ಬಂದ ಕೂಡಲೇ ಕೇಟರಿಂಗ್‌ಗೆ ಹೋದ. ಬನ್ನಿಗೂ ಬಿರಿಯಾನಿಗೂ ಏನು ಪೈಪೋಟಿ? ಪಾಸಾಗಿ ಪಿಯುಸಿ ಕಾಮರ್ಸ್ ಸೇರಿದ. ಮೊದಲ ಟೆಸ್ಟ್‌ನಲ್ಲಿ ಅಕೌಂಟೆನ್ಸಿಯಲ್ಲಿ 4 ಬಂತಂತೆ. ದಸರಾ ರಜೆ ಮುಗಿದ ಮೇಲೆ ಕಾಲೇಜಿಗೆ ಹೋಗಲೇ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅವನು ‘ಉತ್ತೀರ್ಣ’. ಫೇಲಾಗಿದ್ದರೆ ಮತ್ತೆ ಬರೆಯೋಕೆ ಪರೀಕ್ಷೆ 2, ಪರೀಕ್ಷೆ 3 ಇರುತ್ತಿತ್ತು, ಅಷ್ಟು ದಿನವಾದರೂ ನನ್ನ ಕಣ್ಣೆದುರು ಇರುತ್ತಿದ್ದ.

ಖಾಲಿ ಹುದ್ದೆ ತುಂಬಿ, ಜೂನ್‌ನಲ್ಲೇ ಮೇಷ್ಟ್ರು ಕೊಡಿ, ಎಂಟನೇ ಕ್ಲಾಸಿನಲ್ಲೇ ಓದು ಬರಹ ನೋಡಿ. ಇದು ಹಳೇ ಹಾಡು ಅಂತ ನನಗೂ ಗೊತ್ತು. ಅದಕ್ಕೆ ದುಡ್ಡು ಬೇಕು, ಗೆರೆ ಇಳಿಸಲು ಒಂದು ಪ್ರೆಸ್‌ಮೀಟ್ ಸಾಕು.

ಇಷ್ಟು ಬರೆದು ಹೆಂಡತಿಗೆ ಓದಿಸಿದೆ. ‘ಏಪ್ರಿಲ್‌ನಲ್ಲಿ ವ್ಯಾಲ್ಯುವೇಷನ್‌ಗೆ ಹೋದಾಗ ನೀವು ಏನು ಮಾಡ್ತೀರಿ, ಅದನ್ನೂ ಬರೀರಿ’ ಅಂದಳು. ಬರೆಯುತ್ತೇನೆ. ಎರಡು ಅಂಕ ಕಡಿಮೆ ಬಿದ್ದ ಪೇಪರ್ ಕೈಗೆ ಬಂದರೆ ಮತ್ತೆ ಮೊದಲ ಪುಟಕ್ಕೆ ಹೋಗುತ್ತೇನೆ. ಸೂತ್ರ ಬರೆದಿದ್ದಾನಾ, ಚಿತ್ರ ಬಿಡಿಸಿದ್ದಾನಾ ಅಂತ ಹುಡುಕುತ್ತೇನೆ. ಸಿಗುವವರೆಗೂ ಹುಡುಕುತ್ತೇನೆ. ಪಕ್ಕದ ಟೇಬಲ್‌ನವರೂ ಅದನ್ನೇ ಮಾಡುತ್ತಿರುತ್ತಾರೆ.