ಹೀರೋ ಕಾಫಿ ಚೆಲ್ಲಿದ ಮೇಲೆ

ನಗಿಸುವ ಪ್ರೇಮ ಕಾದಂಬರಿಯಲ್ಲಿ ಮೊದಲ ಭೇಟಿಗೆ ಹೋದ ಹೀರೋ ಏನಾದರೂ ಚೆಲ್ಲಲೇಬೇಕು. ಕಾಫಿಯೋ, ಸಾಸೋ, ಏನೂ ಸಿಗದಿದ್ದರೆ ನೀರಾದರೂ ಸರಿ. ಅವನಿಗೆ ಹುಡುಗಿಯರ ಹತ್ತಿರ ಮಾತಾಡೋಕೆ ಬರುವುದಿಲ್ಲ. ಷರ್ಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಬಂದಿರುತ್ತಾನೆ. ಅವಳ ಹೆಸರನ್ನೇ ತಪ್ಪು ಹೇಳುತ್ತಾನೆ. ಅವಳು ನಗುತ್ತಾಳೆ. ಆ ನಗು ಬಂತೋ, ಮುಗೀತು. ಉಳಿದ ಇನ್ನೂರು ಪುಟ ಹೇಗೋ ಕಾಲ ತಳ್ಳಿದರಾಯಿತು. ಇಷ್ಟೆಲ್ಲ ಗೊತ್ತಿದ್ದೂ ಇಂಥ ಪುಸ್ತಕ ಕೈಗೆ ಸಿಕ್ಕರೆ ನಾನು ಬಿಡುವವಳಲ್ಲ. ಒಲೆ ಮೇಲಿನ ಹಾಲು ಉಕ್ಕಿದರೆ ಉಕ್ಕಲಿ.

ನನ್ನ ತಕರಾರು ಒಂದೇ. ಈ ಹೀರೋಗಳಿಗೆ ಪರಿಚಯದವರು ಯಾರೂ ಎದುರಾಗುವುದೇ ಇಲ್ಲ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತು ಎಷ್ಟು ಬೇಕಾದರೂ ಪೆದ್ದುಪೆದ್ದಾಗಿ ಆಡಬಹುದು. ನೋಡುವವರು ಯಾರು? ಮೈಸೂರಿನಲ್ಲಿ ಆ ಭಾಗ್ಯ ಎಲ್ಲಿಂದ ಬರಬೇಕು? ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಬ್ಬಳ ಜೊತೆ ಹತ್ತು ಹೆಜ್ಜೆ ಹಾಕಿ ನೋಡಿ. ಮಂಕಿ ಕ್ಯಾಪ್ ಹಾಕಿಕೊಂಡು ಬಿರಬಿರನೆ ಬರುತ್ತಿರುವವರು ನಿಮ್ಮ ತಂದೆಯ ಹಳೆಯ ಸಹೋದ್ಯೋಗಿ ಆಗಿರುತ್ತಾರೆ. ಅವರು ಏನೂ ಕೇಳುವುದಿಲ್ಲ. "ಅಪ್ಪ ಚೆನ್ನಾಗಿದಾರಾ?" ಅಂತಷ್ಟೇ ಅಂದು ಮುಂದೆ ಹೋಗುತ್ತಾರೆ. ಅಷ್ಟು ಸಾಕು, ಆ ದಿನ ಹಾಳು. ಕಾರಂಜಿ ಕೆರೆಗೆ ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಅಲ್ಲಿ ಸ್ಕೂಲ್ ಮಕ್ಕಳ ಸಾಲು. ಸಾಲಿನ ಕೊನೆಯಲ್ಲಿ ನಿಮ್ಮ ಅತ್ತಿಗೆ, ಅವರು ಅಲ್ಲೇ ಟೀಚರು.

ಮಾತು ಬಾರದವನಿಗೆ ಈ ಊರಲ್ಲಿ ಹೇಳಿ ಮಾಡಿಸಿದ ಜಾಗ ಅಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರ ಮೆಟ್ಟಿಲು ಹತ್ತುವಾಗ ಮಾತಾಡುವಷ್ಟು ಉಸಿರು ಯಾರಿಗಿದೆ? ಅವನು ಸುಮ್ಮನಿರುವುದು ಸಂಕೋಚಕ್ಕೋ ಸುಸ್ತಿಗೋ ಅಂತ ಅವಳಿಗೆ ಗೊತ್ತೇ ಆಗುವುದಿಲ್ಲ. ನಂದಿ ಹತ್ತಿರ ಕೂತಾಗ ಏನಾದರೂ ಆಡಲೇಬೇಕು ಅನ್ನಿಸಿದರೆ ನಂದಿಯೇ ಇದೆಯಲ್ಲ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಬಂಡೆಯಲ್ಲಿ ಕಡೆದದ್ದು ಅಂತ ಹೇಳುತ್ತಾ ಎರಡು ನಿಮಿಷ ಕಳೆಯಬಹುದು. ಆದರೆ ಭಾನುವಾರ ಸಂಜೆ ಅರಮನೆ ಮುಂದೆ ಮಾತ್ರ ಯಾರೂ ಪ್ರೀತಿ ಹೇಳಿಕೊಳ್ಳಲು ಹೋಗಬಾರದು. ಕತ್ತಲಲ್ಲಿ ಧೈರ್ಯ ತಂದುಕೊಂಡು "ನಿಮ್ಮ ಹತ್ರ ಒಂದು ಮಾತು..." ಅನ್ನುವಷ್ಟರಲ್ಲಿ ಏಳು ಗಂಟೆ ಆಗುತ್ತದೆ. ಹತ್ತಿರಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಜನವೆಲ್ಲ ಹೋ ಅನ್ನುತ್ತಾರೆ, ಅವಳು ಮೊಬೈಲ್ ಎತ್ತುತ್ತಾಳೆ. ಮಾತು ಮುಂದಿನ ಭಾನುವಾರಕ್ಕೆ.

ಇನ್ನು ಹೋಟೆಲು. ಬೆಣ್ಣೆ ದೋಸೆಗೆ ಹೆಸರಾದ ನಮ್ಮ ಪುಟ್ಟ ಹೋಟೆಲುಗಳು ಪ್ರೇಮಿಗಳಿಗೆ ಅಂತ ಕಟ್ಟಿದವಲ್ಲ. ನೀವು ಕೂತ ಕುರ್ಚಿಯ ಬೆನ್ನು ಹಿಡಿದುಕೊಂಡು ಒಬ್ಬರು ನಿಂತಿರುತ್ತಾರೆ. ಅವರ ಕಣ್ಣು ನಿಮ್ಮ ತಟ್ಟೆ ಮೇಲೆ. ಎದುರಿಗೆ ಇನ್ಯಾರೋ ಕೂತು ಸಾಗು ಬಡಿಸಿಕೊಳ್ಳುತ್ತಿರುತ್ತಾರೆ. ಅವಳು ದೋಸೆಯ ಅಂಚು ಮುರಿದು ಚಟ್ನಿಗೆ ಅದ್ದುತ್ತಾ "ಮತ್ತೆ?" ಅನ್ನುತ್ತಾಳೆ. ಇವನು ಬಾಯಿ ತೆರೆಯುತ್ತಾನೆ. "ಇನ್ನೊಂದು ಸೆಟ್ ಕೊಡ್ಲಾ ಸಾರ್?" ಅಂತ ಸಪ್ಲೈಯರ್ ಬರುತ್ತಾನೆ. ಬೇಡ ಅಂದರೆ ಬಿಲ್ಲು ಬರುತ್ತದೆ. ಬಿಲ್ಲು ಬಂದರೆ ಏಳಬೇಕು. ಹಾಗಾಗಿ ಪಾಪ, ಹೊಟ್ಟೆ ತುಂಬಿದ್ದರೂ ಕೊಡಿ ಅನ್ನುತ್ತಾನೆ. ಹಿಂದೆ ನಿಂತವರು ನಿಟ್ಟುಸಿರು ಬಿಡುವುದು ಇವನ ಕತ್ತಿಗೇ ತಾಗುತ್ತದೆ. ಇಂಥ ಒಂದು ಅಧ್ಯಾಯ ಯಾರಾದರೂ ಬರೆದರೆ ದುಡ್ಡು ಕೊಟ್ಟು ಕೊಳ್ಳುತ್ತೇನೆ.

ನಮ್ಮ ಚಿಕ್ಕಮ್ಮನ ಮಗನ ಕಥೆಯೂ ಬರೆಯುವಂಥದ್ದೇ. ಅವನು ಪಾಂಡವಪುರದ ಹುಡುಗ. ಈಗೆಲ್ಲ ಜಾತಕ ಕೂಡಿದ ಮೇಲೆ ದೊಡ್ಡವರೇ "ಹೋಗಿ, ಹೊರಗೆ ಕಾಫಿ ಕುಡ್ಕೊಂಡು ಮಾತಾಡಿ" ಅಂತ ಕಳಿಸುತ್ತಾರಲ್ಲ, ಹಾಗೆ ಮಳವಳ್ಳಿ ಕಡೆಯ ಹುಡುಗಿಯ ಜೊತೆ ಇವನನ್ನು ಮಂಡ್ಯಕ್ಕೆ ಕಳಿಸಿದರು. ನಿಮ್ಮ ಹವ್ಯಾಸ ಏನು, ಯಾವ ಥರದ ಹಾಡು ಇಷ್ಟ ಅಂತ ಏನೇನೋ ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಎದುರಿಗೆ ಕೂತದ್ದೇ ತಡ, ಎಲ್ಲ ಮರೆತು ಬಾಯಿಗೆ ಬಂದದ್ದು ಒಂದೇ. "ನಿಮ್ ಕಡೆ ನಾಲೆಗೆ ನೀರು ಬುಟ್ರಾ?"

ಕಾದಂಬರಿಯ ಹುಡುಗಿಯಾಗಿದ್ದರೆ ನಕ್ಕುಬಿಡುತ್ತಿದ್ದಳು. ಇವಳು ನಗಲಿಲ್ಲ. "ಬುಟ್ಟವ್ರೆ. ಆದ್ರೆ ಕೊನೆ ಭಾಗಕ್ಕೆ ಇನ್ನೂ ತಲುಪಿಲ್ಲ. ಮೇಲಿನೋರು ನೀವೇ ಎಲ್ಲಾ ಕಟ್ಕೊತೀರಲ್ಲ" ಅಂದಳು. ಇವನಿಗೆ ಉರಿಯಿತು. ವಿಶ್ವೇಶ್ವರಯ್ಯ ನಾಲೆಯ ನೀರಿನ ಜಗಳ ಅಲ್ಲೇ ಕಾಫಿ ಮುಂದೆ ಶುರುವಾಯಿತು. ಕೆಆರ್‌ಎಸ್ ತುಂಬುವುದು 124.80 ಅಡಿಗೆ ಅಂತ ಮಂಡ್ಯದ ಮಕ್ಕಳಿಗೂ ಗೊತ್ತು. ಆದರೆ ಆವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು ಅಂತ ಅವಳು ಪೇಪರ್ ನೋಡದೆ ಹೇಳಿದಳಂತೆ. ಅಲ್ಲಿಗೆ ನಮ್ಮ ಹುಡುಗ ಬಿದ್ದ. ಮಾತು ಕಬ್ಬಿನ ಬಾಕಿಗೆ ಹೋಯಿತು, ಆಲೆಮನೆಗೆ ಹೋಯಿತು, ಕಾಫಿ ಆರಿಹೋಯಿತು. ಒಳ್ಳೆ ಡೈಲಾಗಿಗೆ ಅಷ್ಟೊಂದು ಒದ್ದಾಡುವ ಲೇಖಕರು ಇದನ್ನೊಂದು ನೋಡಬೇಕು. ಬೇರೆಯವರಿಗೆ ಆಕಳಿಕೆ ಬರಿಸುವ ಒಂದು ವಿಷಯ ಇಬ್ಬರಿಗೂ ಇಷ್ಟವಾಗಿದ್ದರೆ ಮಾತು ತಾನೇ ಬರುತ್ತದೆ. ಮದುವೆಯಾದ ಮೇಲೆ ಅವಳೇ ಒಮ್ಮೆ ನನಗೆ ಹೇಳಿದಳು: "ಅಕ್ಕ, ನಮ್ಮಿಬ್ಬರ ಕಥೆ ಬರೆದ್ರೆ ನೀರಾವರಿ ಇಲಾಖೆಯವರು ಬಿಟ್ಟು ಬೇರೆ ಯಾರೂ ಓದಲ್ಲ."

ಇನ್ನು ಆ ಕೊನೆಯ ಓಟ. ಹುಡುಗಿ ಊರು ಬಿಟ್ಟು ಹೊರಟಿರುತ್ತಾಳೆ, ಹೀರೋ ಏರ್‌ಪೋರ್ಟಿಗೆ ಓಡುತ್ತಾನೆ. ನನಗಂತೂ ಈ ಓಟ ಸುತರಾಂ ಹಿಡಿಸುವುದಿಲ್ಲ. ಒಂದು ಫೋನ್ ಮಾಡಬಾರದಾ? ನಮ್ಮ ಕಡೆ ಹುಡುಗಿ ಹೋಗುವುದು ಬೆಂಗಳೂರಿಗೆ, ಕೆಲಸಕ್ಕೆ, ಸೋಮವಾರ ಬೆಳಗ್ಗೆ. ಅವಳ ಬಸ್ಸು ಹೊಸ ಹೆದ್ದಾರಿ ಹಿಡಿದು ಭರ್ರನೆ ಹೋಗಿಬಿಡುತ್ತದೆ. ಇವನ ಹತ್ತಿರ ಇರುವುದು ಬೈಕು. 2023ರ ಆಗಸ್ಟ್‌ನಿಂದ ಆ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಕಬ್ಬಿನ ಸೋಗೆ ಮುಖಕ್ಕೆ ಬಡಿಸಿಕೊಳ್ಳುತ್ತಾ ಮದ್ದೂರು ಮುಟ್ಟುವಷ್ಟರಲ್ಲಿ ಅವಳು ಬಿಡದಿ ದಾಟಿರುತ್ತಾಳೆ. ಬಂದದ್ದಂತೂ ಆಯಿತು, ಅಲ್ವಾ? ಬಿಸಿ ವಡೆ ಪೊಟ್ಟಣ ಕಟ್ಟಿಸಿಕೊಂಡು, "ಶನಿವಾರ ಊರಿಗೆ ಬರ್ತೀರಲ್ಲ, ಆಗ ಹೇಳ್ತೀನಿ ಬಿಡಿ" ಅಂತ ಒಂದು ಮೆಸೇಜು ಹಾಕಿ ಅವನು ವಾಪಸ್ಸು ಹೊರಡಬಹುದು.