ಪ್ರಿಂಟರ್ ಬೆನ್ನಿನ ಚೀಟಿ

ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕಳೆದ ತಿಂಗಳು ನಾನೇ ಮಾಡಿದ ಎಡವಟ್ಟು ಇದು. ಭಾನುವಾರ ಕುಳಿತು ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ಗಳ ಎಲ್ಲ ಪೋರ್ಟ್‌ಗಳಿಗೂ 802.1ಎಕ್ಸ್ ಎಂಬ ಕಾವಲು ಹಾಕಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ನೆಮ್ಮದಿಯಾಗಿ ಮನೆ ಸೇರಿದೆ. ಸೋಮವಾರ ಬೆಳಿಗ್ಗೆ 7ಕ್ಕೆ ಲಾರಿ ತೂಗುವ ವೇಬ್ರಿಡ್ಜ್‌ನಿಂದ ಫೋನ್: "ಸರ್, ತೂಕದ ಚೀಟಿ ಬರುತ್ತಿಲ್ಲ, ಗೇಟಿನಾಚೆ 14 ಲಾರಿ ನಿಂತಿವೆ."

802.1ಎಕ್ಸ್ 2001ರಿಂದ ಇರುವ ಮಾನದಂಡ. ಗೋಡೆಯ ಸಾಕೆಟ್‌ಗೆ ಕೇಬಲ್ ಚುಚ್ಚಿದವರನ್ನೆಲ್ಲ ಒಳಗೆ ಬಿಡದೆ ಸ್ವಿಚ್ "ನೀನು ಯಾರು" ಎಂದು ಕೇಳುತ್ತದೆ. ಉತ್ತರ ಸರಿಯೋ ತಪ್ಪೋ ಹೇಳುವುದು ರೇಡಿಯಸ್ ಸರ್ವರ್. ತೂಕದ ಚೀಟಿ ಮುದ್ರಿಸುವ ಹಳೆಯ ಪ್ರಿಂಟರ್‌ಗೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅಂಥವನ್ನು ಮ್ಯಾಕ್ ವಿಳಾಸ, ಅಂದರೆ ತಯಾರಕರೇ ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆ, ನೋಡಿ ಬಿಡುವ ಏರ್ಪಾಡಿದೆ. ಆ ವಿಳಾಸವನ್ನೂ ನಾನು ಪಟ್ಟಿಗೆ ಸೇರಿಸಿದ್ದೆ. ಆದರೆ ಆ ಸ್ವಿಚ್ 30 ಸೆಕೆಂಡಿಗೊಮ್ಮೆ 3 ಸಲ ಕೇಳಿ, 90 ಸೆಕೆಂಡ್ ಕಳೆದ ಮೇಲಷ್ಟೇ ಮ್ಯಾಕ್ ನೋಡುತ್ತದೆ. ಅಷ್ಟು ಹೊತ್ತು ಐಪಿ (ನೆಟ್‌ವರ್ಕ್‌ನಲ್ಲಿ ಮಾತಾಡಲು ಬೇಕಾದ ವಿಳಾಸ) ಬೇಡಿ ಬೇಸತ್ತ ಪ್ರಿಂಟರ್ 169.254ರಿಂದ ಶುರುವಾಗುವ, ಇಲ್ಲಿ ಕೆಲಸಕ್ಕೆ ಬಾರದ ವಿಳಾಸವೊಂದನ್ನು ತಾನೇ ಇಟ್ಟುಕೊಂಡು ಕುಳಿತಿತ್ತು. ಭಾನುವಾರ ಪ್ರಿಂಟರ್ ಆಫ್ ಆಗಿದ್ದರಿಂದ ನನಗೆ ಗೊತ್ತಾಗಲಿಲ್ಲ. 30 ಸೆಕೆಂಡನ್ನು 10ಕ್ಕೆ ಇಳಿಸಿ, ಪ್ರಿಂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಚೀಟಿ ಬಂತು, ಲಾರಿಯವರ ಬೈಗುಳವೂ ನಿಂತಿತು.

ಬೈಗುಳಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆಯೇ. ಪ್ರಿಂಟರ್ ತಿರುಗಿಸಿ ಧೂಳು ಒರೆಸಿದರೆ, ನಾನು ಗುಟ್ಟಾಗಿ ಪಟ್ಟಿಗೆ ಸೇರಿಸಿದ್ದ ಮ್ಯಾಕ್ ವಿಳಾಸ ಅದರ ಬೆನ್ನಿಗೇ ಅಂಟಿಸಿದ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿತ್ತು! ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದವನು ತನ್ನ ಲ್ಯಾಪ್‌ಟಾಪ್‌ಗೆ ಅದೇ ವಿಳಾಸ ಹಾಕಿಕೊಂಡು ಅದೇ ಕೇಬಲ್‌ನಲ್ಲಿ ಒಳಗೆ ಬರಬಹುದು. ಇದು ಬೀಗದ ಪಕ್ಕದ ಮೊಳೆಗೆ ಕೀಲಿ ನೇತುಹಾಕಿದಂತೆ. ಆದ್ದರಿಂದ ಪ್ರಿಂಟರ್, ಕ್ಯಾಮೆರಾ, ಹಾಜರಿ ಯಂತ್ರಗಳನ್ನು ಬೇರೆಯೇ ವಿಲ್ಯಾನ್‌ಗೆ (ಅದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಹಾಕಿ, ತೂಕದ ಪ್ರಿಂಟರ್‌ಗೆ ತೂಕದ ಕಂಪ್ಯೂಟರ್ ಬಿಟ್ಟು ಬೇರೇನೂ ಕಾಣದಂತೆ ಕಟ್ಟಬೇಕು. ನಮ್ಮ ಕಸುಬಿನವರು ಬಿಟ್ಟುಬಿಡುವುದು ಈ ಕೆಲಸವನ್ನೇ. ಬಿಲ್ಲಿನಲ್ಲಿ ಮಾತ್ರ "802.1ಎಕ್ಸ್ ಪೂರ್ಣ" ಎಂದಿರುತ್ತದೆ. ನಾನೂ ಹಾಗೆ ಬಿಲ್ಲು ಬರೆದವನೇ.

ಎರಡನೇ ಕಟ್ಟಡದಲ್ಲಿ ಈಗ ಯಾರನ್ನೂ ತಡೆಯದೆ, ಯಾರು ಬಂದರೆಂದು ಬರೆದುಕೊಳ್ಳಲು ಮಾತ್ರ ಸ್ವಿಚ್‌ಗೆ ಹೇಳಿದ್ದೇನೆ. 8 ದಿನವಾಯಿತು. "ಇನ್ನೂ ಯಾವಾಗ ಬೀಗ ಹಾಕುತ್ತೀರಿ" ಎಂದು ಮ್ಯಾನೇಜರ್ ದಿನಕ್ಕೆರಡು ಸಲ ಕೇಳುತ್ತಾರೆ. ಪಟ್ಟಿಯಲ್ಲಿರುವ 61 ಸಾಧನಗಳಲ್ಲಿ 60ರ ಗುರುತು ಸಿಕ್ಕಿದೆ. ಉಳಿದದ್ದು ರಾತ್ರಿ 11ರ ನಂತರವೇ ಎಚ್ಚರವಾಗುತ್ತದೆ. ಯಾರದೆಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದರ ಕೇಬಲ್ ಸೀಲಿಂಗ್ ಮೇಲೆ ಹೋಗಿದೆ. ನಾಳೆ ಏಣಿ ತರಿಸಲು ಹೇಳಿದ್ದೇನೆ.