ಯೇಸುವಿನ ಸಾವಿನ ಹೊಣೆ ಯಾರದು?

ಶುಭ ಶುಕ್ರವಾರದಂದು ಕಥೋಲಿಕ ಚರ್ಚುಗಳಲ್ಲಿ ಯೋಹಾನನ ಸುವಾರ್ತೆಯಿಂದ ಯೇಸುವಿನ ಶ್ರಮೆಯ ಕಥನವನ್ನು ಓದುತ್ತಾರೆ. "ಅವನನ್ನು ಶಿಲುಬೆಗೆ ಹಾಕಿಸು" ಎಂಬ ಗುಂಪಿನ ಕೂಗನ್ನು ಎಷ್ಟೋ ಕಡೆ ನೆರೆದ ಭಕ್ತರೇ ಒಕ್ಕೊರಲಿನಿಂದ ಹೇಳುವ ರೂಢಿಯಿದೆ. ಆದರೂ ಈ ಸಾವಿಗೆ ಹೊಣೆ ಯಾರೆಂದು ಕೇಳಿದರೆ ಬಹಳ ಮಂದಿಯ ಬಾಯಲ್ಲಿ ಬರುವ ಉತ್ತರ ಒಂದೇ: ಯೆಹೂದ್ಯರು ಕೊಲ್ಲಿಸಿದರು, ಪಿಲಾತ ಕೈತೊಳೆದುಕೊಂಡ. ಈ ಉತ್ತರದಲ್ಲಿ ಒಬ್ಬ ರೋಮನ್ ಅಧಿಕಾರಿಯ ಪಾಲನ್ನು ಕುಗ್ಗಿಸಿ, ಕೆಲವೇ ಯಾಜಕರ ಪಾಲನ್ನು ಒಂದು ಇಡೀ ಜನಾಂಗದ ತಲೆಗೆ ಕಟ್ಟಲಾಗಿದೆ ಎಂಬುದು ನನ್ನ ಅಭಿಪ್ರಾಯ.

ಶಿಲುಬೆ ರೋಮನ್ನರ ಶಿಕ್ಷೆ. ದಂಗೆಕೋರರಿಗೂ ಗುಲಾಮರಿಗೂ ಅದನ್ನು ವಿಧಿಸುತ್ತಿದ್ದರು. ಯೇಸುವಿನ ತಲೆಯ ಮೇಲ್ಗಡೆ ಬರೆಸಿ ಹಾಕಿದ್ದ "ಯೆಹೂದ್ಯರ ಅರಸನು" ಎಂಬ ಆರೋಪವೂ ಧರ್ಮಶಾಸ್ತ್ರದ್ದಲ್ಲ, ರಾಜದ್ರೋಹದ್ದು. ಕ್ರಿಸ್ತನಿಗೆ ಚಕ್ರವರ್ತಿ ತಿಬೇರಿಯನ ಆಳ್ವಿಕೆಯಲ್ಲಿ ಪೊಂತ್ಯ ಪಿಲಾತನ ಕೈಯಲ್ಲಿ ಮರಣದಂಡನೆಯಾಯಿತೆಂದು ಬರೆದ ರೋಮನ್ ಇತಿಹಾಸಕಾರ ಟಾಸಿಟಸ್ ಬೇರೆ ಯಾರನ್ನೂ ಹೆಸರಿಸುವುದಿಲ್ಲ. ಕ್ರೈಸ್ತರ ವಿಶ್ವಾಸ ಪ್ರಮಾಣದಲ್ಲಿಯೂ ಈ ಸಾವಿಗೆ ಸಂಬಂಧಿಸಿ ಬರುವ ಹೆಸರು ಪಿಲಾತನದೊಂದೇ ಎಂಬುದನ್ನು ಗಮನಿಸಬೇಕು.

ಪಿಲಾತನು ಕ್ರಿ.ಶ. 26ರಿಂದ 36ರವರೆಗೆ ರೋಮನ್ ಪ್ರಾಂತವಾಗಿದ್ದ ಯೂದಾಯದ ಅಧಿಪತಿಯಾಗಿದ್ದವನು. 1961ರಲ್ಲಿ ಕೈಸರೈಯದಲ್ಲಿ ಸಿಕ್ಕ ಶಾಸನದಲ್ಲಿ ಅವನ ಹೆಸರೂ ಪದವಿಯೂ ಇವೆ. ವಿಚಾರಣೆಯಿಲ್ಲದೆ ಜನರನ್ನು ಕೊಲ್ಲಿಸುತ್ತಿದ್ದ ಕ್ರೂರಿ ಎಂದು ಅವನ ಕಾಲದವನೇ ಆದ ಅಲೆಕ್ಸಾಂಡ್ರಿಯದ ಯೆಹೂದ್ಯ ತತ್ತ್ವಜ್ಞಾನಿ ಫಿಲೋ ಬರೆದಿದ್ದಾನೆ. ಸಮಾರ್ಯದ ಜನರ ಮೇಲೆ ನಡೆಸಿದ ಹತ್ಯೆಯ ದೂರಿನ ಮೇಲೆ ಅವನನ್ನು ರೋಮಿಗೆ ಕಳುಹಿಸಲಾಯಿತೆಂದು ಮೊದಲನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಹೇಳುತ್ತಾನೆ. ಇಂಥವನು ಜನರ ಗದ್ದಲಕ್ಕೆ ಹೆದರಿ, ನಿರಪರಾಧಿ ಎಂದು ತಾನೇ ನಂಬಿದ ಒಬ್ಬನನ್ನು ಒಲ್ಲದ ಮನಸ್ಸಿನಿಂದ ಒಪ್ಪಿಸಿಕೊಟ್ಟನೆಂಬ ಚಿತ್ರವನ್ನು ನಂಬುವುದು ನನಗೆ ಕಷ್ಟವಾಗುತ್ತದೆ. ಫಿಲೋ ಅವನ ವೈರಿಯಂತೆ ಬರೆದಿದ್ದಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಈ ಕಷ್ಟ ಕಡಿಮೆಯಾಗುವುದಿಲ್ಲ.

ಆ ಚಿತ್ರ ಹೇಗೆ ಬೆಳೆಯಿತೆಂಬುದು ಸುವಾರ್ತೆಗಳಲ್ಲಿಯೇ ಕಾಣುತ್ತದೆ. ಮೊದಲಿನದೆಂದು ಹೆಚ್ಚಿನ ವಿದ್ವಾಂಸರು ಒಪ್ಪುವ ಮಾರ್ಕನಲ್ಲಿ ಪಿಲಾತ ಜನರನ್ನು ಮೆಚ್ಚಿಸಲು ತೀರ್ಪು ಕೊಡುತ್ತಾನೆ, ಮತ್ತಾಯನಲ್ಲಿ ಕೈತೊಳೆಯುತ್ತಾನೆ, ಲೂಕನಲ್ಲಿ ಮೂರು ಬಾರಿ ತಪ್ಪು ಕಾಣಲಿಲ್ಲವೆನ್ನುತ್ತಾನೆ. ಬೈಬಲಿಗೆ ಸೇರದ ಪೇತ್ರನ ಸುವಾರ್ತೆಯಲ್ಲಿ ಕೊಲ್ಲಲು ಆಜ್ಞೆ ಕೊಡುವವನು ಗಲಿಲಾಯವನ್ನು ಆಳುತ್ತಿದ್ದ ಹೆರೋದ. ಇಥಿಯೋಪಿಯದ ಚರ್ಚಿನಲ್ಲಂತೂ ಪಿಲಾತ ಸಂತನೇ ಆಗಿಬಿಟ್ಟಿದ್ದಾನೆ! ಕ್ರಿ.ಶ. 66ರಲ್ಲಿ ಭುಗಿಲೆದ್ದ ಯೆಹೂದ್ಯ ದಂಗೆಯನ್ನು ಅಡಗಿಸಿ 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟರು. ಅದರ ಬಳಿಕ ಅದೇ ಸಾಮ್ರಾಜ್ಯದ ಊರುಗಳಲ್ಲಿ ಬದುಕಬೇಕಾಗಿದ್ದ ಕ್ರೈಸ್ತರಿಗೆ, ತಮ್ಮ ಗುರು ರೋಮಿನ ಶತ್ರುವಾಗಿ ಸತ್ತವನಲ್ಲ ಎಂದು ತೋರಿಸಿಕೊಳ್ಳುವ ಅಗತ್ಯವಿತ್ತು.

ಹಾಗೆಂದು ದೇವಾಲಯದ ಮುಖಂಡರಿಗೆ ಇದರಲ್ಲಿ ಕೈಯೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಮಹಾಯಾಜಕನನ್ನು ನೇಮಿಸುವವನೂ ಇಳಿಸುವವನೂ ಆಗ ರೋಮನ್ ಅಧಿಪತಿ. ಹಬ್ಬದಲ್ಲಿ ತೊಡಬೇಕಾದ ಮಹಾಯಾಜಕನ ಉಡುಪು ಕೂಡ ಆಂಟೋನಿಯ ಕೋಟೆಯಲ್ಲಿ ರೋಮನ್ನರ ವಶದಲ್ಲಿರುತ್ತಿತ್ತು. ಪಿಲಾತನಿಗಿಂತ ಮೊದಲಿದ್ದ ಗ್ರಾತುಸ್ ಒಬ್ಬರ ನಂತರ ಒಬ್ಬರಂತೆ ಮಹಾಯಾಜಕರನ್ನು ಬದಲಾಯಿಸಿ ಕೊನೆಗೆ ಕಾಯಫನನ್ನು ಕೂರಿಸಿದ. ಕಾಯಫ ಮಾತ್ರ ಹದಿನೆಂಟು ವರ್ಷಗಳಷ್ಟು ಕಾಲ ಆ ಸ್ಥಾನದಲ್ಲಿದ್ದು, ಪಿಲಾತನ ಅಧಿಕಾರ ಹೋದ ಹೊತ್ತಿಗೇ ತಾನೂ ಇಳಿದ. ಇಬ್ಬರ ನಡುವೆ ಹೊಂದಾಣಿಕೆ ಇಲ್ಲದೆ ಇದು ಸಾಧ್ಯವಿರಲಿಲ್ಲ. ಪಸ್ಕ ಹಬ್ಬಕ್ಕೆ ಊರೂರುಗಳಿಂದ ಯಾತ್ರಿಕರು ತುಂಬಿಕೊಂಡಿದ್ದಾಗ, ದೇವಾಲಯದಲ್ಲಿ ಚಿನಿವಾರರ ಮೇಜುಗಳನ್ನು ಕೆಡವಿ ದೇವರ ರಾಜ್ಯದ ಮಾತಾಡುವ ಗಲಿಲಾಯದ ಬೋಧಕನೊಬ್ಬ ಅವರಿಗೆ ಹೇಗೆ ಕಂಡಿರಬೇಕೆಂದು ಊಹಿಸಬಹುದು. "ಜನವೆಲ್ಲ ನಾಶವಾಗುವುದಕ್ಕಿಂತ ಒಬ್ಬನು ಸಾಯುವುದು ಹಿತ" ಎಂದು ಯೋಹಾನನು ಕಾಯಫನ ಬಾಯಿಂದ ಹೇಳಿಸುವ ಮಾತಿಗೆ ಹಿನ್ನೆಲೆಯಾಗಿ, ರೋಮನ್ನರು ಬಂದು ದೇವಾಲಯವನ್ನೂ ಜನಾಂಗವನ್ನೂ ಇಲ್ಲದಂತೆ ಮಾಡಿಯಾರೆಂಬ ಭಯ ಇದೆ. ಆ ಭಯ ಸುಳ್ಳಾಗಿರಲಿಲ್ಲ. ಅದು ಕಾಯಫನ ಕೃತ್ಯವನ್ನು ಸಮರ್ಥಿಸುವುದಿಲ್ಲವಾದರೂ, ಧರ್ಮದ್ವೇಷಕ್ಕಿಂತ ಅಧಿಕಾರದ ಲೆಕ್ಕಾಚಾರವೇ ಇಲ್ಲಿ ಮುಖ್ಯವಾಗಿತ್ತೆಂದು ತೋರಿಸುತ್ತದೆ.

ಯಾಜಕರ ಹಿರೀಸಭೆ ಆ ರಾತ್ರಿ ನಿಜವಾಗಿಯೂ ವಿಚಾರಣೆ ನಡೆಸಿತೇ ಎಂಬ ಬಗ್ಗೆ ವಾದಗಳಿವೆ. ಪ್ರಾಣದಂಡನೆಯ ಮೊಕದ್ದಮೆಯನ್ನು ರಾತ್ರಿ ನಡೆಸಬಾರದೆಂದು ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಹೇಳುತ್ತದೆ, ಆದರೆ ಮಿಶ್ನಾ ಗ್ರಂಥರೂಪಕ್ಕೆ ಬಂದದ್ದು ಸುಮಾರು ಕ್ರಿ.ಶ. 200ರಲ್ಲಿ. ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದ ಹಾಯಿಮ್ ಕೋಹ್ನ್ ಅವರಂತೂ ಆ ಸಭೆ ಸೇರಿದ್ದೇ ಯೇಸುವನ್ನು ಉಳಿಸಲೆಂದು ವಾದಿಸಿದರು. ಆ ವಾದದಲ್ಲಿ ಇತಿಹಾಸಕಾರನಿಗಿಂತ ಜಾಣ ವಕೀಲನೇ ಹೆಚ್ಚಾಗಿ ಕಾಣುತ್ತಾನೆ. ಮುಖಂಡರ ಆರೋಪದ ಮೇಲೆ ಪಿಲಾತ ಶಿಕ್ಷೆ ವಿಧಿಸಿದನೆಂಬ ಜೋಸೆಫಸನ ಮಾತೇ ನನಗೆ ನಂಬಲು ಯೋಗ್ಯವೆನಿಸುತ್ತದೆ. ಆ ಭಾಗದಲ್ಲಿ ಕ್ರೈಸ್ತ ಲಿಪಿಕಾರರ ಕೈವಾಡವಿದೆ ನಿಜ, ಆದರೆ ಈ ಒಂದು ಮಾತನ್ನು ಅನೇಕ ವಿದ್ವಾಂಸರು ಮೂಲದ್ದೆಂದೇ ಒಪ್ಪುತ್ತಾರೆ.

ಯೇಸು ಶಿಲುಬೆಗೇರಲೇ ಇಲ್ಲ, ಜನರಿಗೆ ಹಾಗೆ ತೋರಿತಷ್ಟೇ ಎನ್ನುತ್ತದೆ ಕುರಾನ್. ಅದನ್ನು ಒಪ್ಪಿದವರಿಗೆ ಹೊಣೆಯ ಪ್ರಶ್ನೆ ಬೇರೆಯೇ ಆಗುತ್ತದೆ.

ನಿಜವಾದ ಅನಾಹುತ ಶುರುವಾದದ್ದು "ಅವನ ರಕ್ತವು ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ" ಎಂಬ ಮಾತಿನಿಂದ. ನಾಲ್ಕು ಸುವಾರ್ತೆಗಳಲ್ಲಿ ಇದು ಮತ್ತಾಯನಲ್ಲಿ ಮಾತ್ರ ಇದೆ. ಒಂದು ಅಂಗಳದಲ್ಲಿ ಸೇರಿದ್ದ ಗುಂಪಿನ ಬಾಯಿಂದ ಬಂದ ಕೂಗನ್ನು ಇನ್ನೂ ಹುಟ್ಟದ ತಲೆಮಾರುಗಳ ತಪ್ಪೊಪ್ಪಿಗೆ ಎಂದು ಓದಲಾಯಿತು. ಎರಡನೆಯ ಶತಮಾನದಲ್ಲಿಯೇ ಸಾರ್ದಿಸಿನ ಬಿಷಪ್ ಮೆಲಿಟೊ ಇಸ್ರಾಯೇಲು ದೇವರನ್ನೇ ಕೊಂದಿತೆಂದು ಆರೋಪಿಸಿದ. 386ರಿಂದ ಅಂತಿಯೋಕ್ಯದಲ್ಲಿ ಕ್ರೈಸ್ತ ಪಾದ್ರಿ ಯೋಹಾನ ಕ್ರಿಸೊಸ್ತೋಮ ಯೆಹೂದ್ಯರ ವಿರುದ್ಧ ಮಾಡಿದ ಪ್ರಸಂಗಗಳನ್ನು ಇವತ್ತು ಓದಿದರೆ ನಾಚಿಕೆಯಾಗುತ್ತದೆ. 1096ರಲ್ಲಿ ಯೆರೂಸಲೇಮಿಗೆ ಹೊರಟ ಧರ್ಮಯೋಧರ ಗುಂಪುಗಳು ಕ್ರಿಸ್ತನ ಸಾವಿನ ಸೇಡೆಂದು ಹೇಳಿಕೊಂಡು ರೈನ್ ನದಿಯ ದಡದ ವೋರ್ಮ್ಸ್ ಮತ್ತು ಮೈನ್ಸ್ ಪಟ್ಟಣಗಳಲ್ಲಿ ಯೆಹೂದ್ಯರನ್ನು ಹೆಂಗಸರು ಮಕ್ಕಳೆನ್ನದೆ ಕೊಂದವು.

ವಿಚಿತ್ರವೆಂದರೆ, ಕಥೋಲಿಕ ಚರ್ಚಿನ ಟ್ರೆಂಟ್ ಮಹಾಸಭೆಯ ಬಳಿಕ 1566ರಲ್ಲಿ ಹೊರಬಂದ ಧರ್ಮೋಪದೇಶವು, ತಿಳಿದೂ ಪಾಪ ಮಾಡುವ ಕ್ರೈಸ್ತರ ಅಪರಾಧವೇ ಯೆಹೂದ್ಯರದಕ್ಕಿಂತ ದೊಡ್ಡದೆಂದು ಸ್ಪಷ್ಟವಾಗಿ ಹೇಳಿತ್ತು. ಅದು ಪುಸ್ತಕದಲ್ಲಿ ಉಳಿಯಿತು, ದ್ವೇಷ ಬೀದಿಯಲ್ಲಿ ಮುಂದುವರಿಯಿತು. ಹೆಂಡತಿಯನ್ನೂ ಮಗಳನ್ನೂ ಆಶ್‌ವಿಟ್ಜ್‌ನಲ್ಲಿ ಕಳೆದುಕೊಂಡ ಫ್ರಾನ್ಸಿನ ಇತಿಹಾಸಕಾರ ಜೂಲ್ಸ್ ಐಸಾಕ್ 1960ರಲ್ಲಿ ಪೋಪ್ 23ನೆಯ ಜಾನ್ ಅವರನ್ನು ಭೇಟಿಯಾಗಿ ಈ ಬೋಧನೆಯನ್ನು ತಿದ್ದಬೇಕೆಂದು ಕೇಳಿಕೊಂಡರು. ಯೇಸುವಿನ ಶ್ರಮೆಯಲ್ಲಿ ನಡೆದದ್ದನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದೆಂಬ ಘೋಷಣೆ 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ 2221 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದವು 88. ಯೆಹೂದ್ಯ ಅಧಿಕಾರಿಗಳು ಆ ಸಾವಿಗಾಗಿ ಒತ್ತಾಯಿಸಿದರೆಂಬ ಮಾತನ್ನೂ ಆ ಘೋಷಣೆ ಉಳಿಸಿಕೊಂಡಿದೆ, ಪಿಲಾತನ ಪ್ರಸ್ತಾಪವನ್ನು ಮಾತ್ರ ಎತ್ತಿಲ್ಲ. ಇದು ನನಗೆ ಕೊರತೆಯೆಂದೇ ತೋರುತ್ತದೆ.

ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯದಲ್ಲಿ ಶಿಷ್ಯರು ಪ್ರಾರ್ಥಿಸುವಾಗ ಹೆರೋದ, ಪೊಂತ್ಯ ಪಿಲಾತ, ಅನ್ಯಜನರು, ಇಸ್ರಾಯೇಲ್ ಜನರು ಎಂದು ಎಲ್ಲರನ್ನೂ ಒಟ್ಟಿಗೆ ಹೆಸರಿಸುತ್ತಾರೆ. ಆ ಪಟ್ಟಿಯನ್ನು ಇತಿಹಾಸದ ದೃಷ್ಟಿಯಿಂದ ತಿದ್ದಿ ಬರೆಯುವುದಾದರೆ, ನಾನು ಪಿಲಾತನನ್ನು ಮೊದಲಿಗೆ ತಂದು, ಇಸ್ರಾಯೇಲ್ ಜನರು ಎಂದಿರುವ ಜಾಗದಲ್ಲಿ ಕಾಯಫ, ಅವನ ಮಾವ ಅನ್ನ ಮತ್ತು ಅವರ ಸುತ್ತಲಿದ್ದ ಯಾಜಕ ಮನೆತನಗಳನ್ನು ಹೆಸರಿಸುತ್ತೇನೆ.